ಮಾತು ಬಾರದವರ ಡಾಕ್ಟರು

ಅಂಗಿಯ ಎಡತೋಳನ್ನು ಒಂದಿಷ್ಟು ಮೇಲಕ್ಕೆ ಸರಿಸಿ ನೋಡಿಕೊಳ್ಳಿ. ಅವಸರವೇನಿಲ್ಲ, ಯಾರೂ ನೋಡುತ್ತಲೂ ಇಲ್ಲ. ಭುಜದಿಂದ ತುಸು ಕೆಳಗೆ ಒಂದು ಪುಟ್ಟ ಕಲೆ ಸಿಕ್ಕಿತೆ? ಹಾಲುಗಲ್ಲದ ಕಾಲದಲ್ಲಿ ಕ್ಷಯ ಬಾರದಿರಲೆಂದು ಚುಚ್ಚಿದ ಬಿಸಿಜಿಯ ಗುರುತು ಅದು. ನೀವು ಶಿರಸಿಯಲ್ಲಾದರೂ ಹುಟ್ಟಿರಿ, ಸಿಂಧನೂರಿನಲ್ಲಾದರೂ ಹುಟ್ಟಿರಿ, ಆ ಲಸಿಕೆ ಬಹುಮಟ್ಟಿಗೆ ತಯಾರಾದದ್ದು ನಾನೀಗ ಬೆವರೊರೆಸಿಕೊಳ್ಳುತ್ತ ಕೂತಿರುವ ಈ ಚೆನ್ನೈಯ ಗಿಂಡಿಯಲ್ಲಿ. 1948ರಲ್ಲಿ ಅಲ್ಲಿ ಬಿಸಿಜಿ ಪ್ರಯೋಗಾಲಯ ಶುರುವಾಯಿತು. ದಶಕಗಟ್ಟಲೆ ಊರೂರಿಗೆ ಲಸಿಕೆ ಹೋದದ್ದು ಅಲ್ಲಿಂದ. ಮದ್ರಾಸಿನ ಮುಖವನ್ನೇ ಕಾಣದವರ ಮೈಮೇಲೂ ಮದ್ರಾಸು ಹೀಗೆ ಸದ್ದಿಲ್ಲದೆ ರುಜು ಹಾಕಿಬಿಟ್ಟಿದೆ.

ರುಜು ಮದ್ರಾಸಿನದಾದರೂ ಕೈ ಊರಿನ ಡಾಕ್ಟರದೋ ನರ್ಸಮ್ಮನದೋ ಇರುತ್ತಿತ್ತು. ನನ್ನದು ಪುತ್ತೂರು. ಅಲ್ಲಿಯ ಮಕ್ಕಳ ಡಾಕ್ಟರು ಕೂಡ ಒಂದು ಬಗೆಯಲ್ಲಿ ಮದ್ರಾಸಿನಲ್ಲೇ ತಯಾರಾದ ಸರಕು. 1956ರವರೆಗೆ ದಕ್ಷಿಣ ಕನ್ನಡವೂ ಕಾಸರಗೋಡೂ ಮದ್ರಾಸಿಗೆ ಸೇರಿದ್ದವಲ್ಲ. ಡಾಕ್ಟರಾಗಬೇಕೆಂಬ ಹುಡುಗ ಮಂಗಳೂರಿನಲ್ಲಿ ರೈಲು ಹತ್ತಬೇಕು, ರಾತ್ರಿಯೆಲ್ಲ ಮಲಬಾರಿನ ತೆಂಗಿನ ಮರಗಳನ್ನು ದಾಟಬೇಕು, ಸೆಂಟ್ರಲ್ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಬೇಕು. ಅಲ್ಲಿಂದ ರಸ್ತೆ ದಾಟಿದರೆ ಜನರಲ್ ಆಸ್ಪತ್ರೆ, ಪಕ್ಕದಲ್ಲೇ 1835ರ ಮೆಡಿಕಲ್ ಕಾಲೇಜು. ಒಂದು ರಸ್ತೆ ದಾಟಿದರೆ ಡಾಕ್ಟರಾಗಬಹುದಾದ ಊರು ಇನ್ನೆಲ್ಲಿದೆ? ನಾನೂ ಆ ರಸ್ತೆಯನ್ನು ಎಷ್ಟೋ ಸಲ ದಾಟಿದ್ದೇನೆ. ಆಚೆ ಬದಿಯ ಬಸ್ಸು ಸಿಕ್ಕಿತೇ ಹೊರತು ಬೇರೇನೂ ಆಗಲಿಲ್ಲ.

ಆಸ್ಪತ್ರೆಯ ಎದುರು ಡಾಕ್ಟರ್ ರಂಗಾಚಾರಿಯವರ ಪ್ರತಿಮೆ ನಿಂತಿದೆ. 1934ರಲ್ಲಿ ತೀರಿಕೊಂಡ ಈ ಮಹಾಶಯರು ದೂರದ ರೋಗಿಗಳನ್ನು ನೋಡಲು ಸ್ವಂತ ವಿಮಾನ ಇಟ್ಟುಕೊಂಡಿದ್ದರಂತೆ. ಇಲ್ಲಿ ಓದಿ ಊರಿಗೆ ಮರಳಿದ ನಮ್ಮ ಡಾಕ್ಟರು ಇಟ್ಟುಕೊಂಡದ್ದು ಒಂದು ಸೈಕಲ್ಲು. ಅದರ ಬೆಲ್ಲು ಕೇಳಿದರೆ ಸಾಕು, ಬೀದಿಯ ಚಿಳ್ಳೆಪಿಳ್ಳೆಗಳೆಲ್ಲ ಒಳಮನೆಯ ಭತ್ತದ ಕಣಜದ ಹಿಂದೆ ಅಂತರ್ಧಾನ. ವಿಮಾನಕ್ಕೆ ಅಷ್ಟು ಪ್ರತಾಪ ಇದ್ದಿರಲಾರದು.

ಲೆಕ್ಕ ಹಾಕಿದರೆ ಇದೊಂದು ಒಳ್ಳೆಯ ಕೊಡುಕೊಳ್ಳುವಿಕೆ. ನಾವು ಮದ್ರಾಸಿಗೆ ಅಡುಗೆಯವರನ್ನು ಕಳಿಸಿದೆವು, ಮದ್ರಾಸು ನಮಗೆ ಡಾಕ್ಟರನ್ನು ಕಳಿಸಿತು. ಕಡಂದಲೆಯ ಕೃಷ್ಣರಾಯರು ಇಲ್ಲಿಗೆ ಬಂದು ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದರು. ಉಡುಪಿ ಕಡೆಯ ಟಿ.ಎಂ.ಎ. ಪೈಗಳು ಇಲ್ಲಿ ವೈದ್ಯ ಓದಿ ಊರಿಗೆ ಹೋದರು. ಪೈಗಳು ನಾಡಿ ಹಿಡಿಯುತ್ತಲೇ 1925ರಲ್ಲಿ ಜೊತೆಗಾರರೊಡನೆ ಬ್ಯಾಂಕು ತೆರೆದು, ಆಮೇಲೆ ದಿನಕ್ಕೆರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿ, 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜನ್ನೇ ಎಬ್ಬಿಸಿದರು. ಹುಡುಗರ ಮದ್ರಾಸು ಯಾತ್ರೆಗೆ ಅಲ್ಲಿಗೆ ಅರ್ಧ ಮುಕ್ತಾಯ. ಈ ವಿನಿಮಯದಲ್ಲಿ ಲಾಭ ಯಾರಿಗೆ ಎಂದು ಕೇಳಬೇಡಿ. ಜ್ವರ ಬಿಟ್ಟ ಮಗುವಿಗೆ ಡಾಕ್ಟರು ಮೊದಲು ಬರೆದುಕೊಡುವುದು ಇಡ್ಲಿಯನ್ನೇ. ಅಡುಗೆಭಟ್ಟರೂ ಡಾಕ್ಟರೂ ಕೊನೆಗೆ ಒಂದೇ ತಟ್ಟೆಯಲ್ಲಿ ಭೇಟಿಯಾಗುತ್ತಾರೆ.

ಆ ಕಾಲದ ಸಣ್ಣ ಊರಲ್ಲಿ 'ಮಕ್ಕಳ ಡಾಕ್ಟರು' ಎಂಬ ಬೋರ್ಡು ಎಲ್ಲಿತ್ತು? ಎಲ್ಲ ಡಾಕ್ಟರೂ ಎಲ್ಲದಕ್ಕೂ ಡಾಕ್ಟರೇ. ಅವರಲ್ಲಿ ಯಾರೋ ಒಬ್ಬರ ಕೈಯಲ್ಲಿ ಕೂಸುಗಳು ಅಳು ನಿಲ್ಲಿಸುತ್ತವೆ ಎಂದು ಅಜ್ಜಿಯರು ಪತ್ತೆ ಹಚ್ಚುತ್ತಿದ್ದರು. "ಅವರ ಕೈಗುಣ ಒಳ್ಳೇದು ಮಾರಾಯ್ತಿ" ಎಂದು ಬಾವಿಕಟ್ಟೆಯಲ್ಲಿ ಒಂದು ಮಾತು ಬಿದ್ದರೆ ಅದೇ ಅವರಿಗೆ ಪದವಿಪ್ರದಾನ. ಮದ್ರಾಸಿನಲ್ಲಿ ಮಕ್ಕಳ ವೈದ್ಯಕೀಯ ಬೇರೆಯೇ ಶಾಸ್ತ್ರವಾಗಿ ಬೆಳೆಯಿತು. ಇಲ್ಲಿ ಅದಕ್ಕೆ ತಳಪಾಯ ಹಾಕಿದವರಲ್ಲಿ ಎಸ್.ಟಿ. ಆಚಾರ್ ಅವರ ಹೆಸರು ದೊಡ್ಡದು. ಅವರು ಸಂಪಾದಿಸಿದ ಪಠ್ಯಪುಸ್ತಕವನ್ನು ಮೆಡಿಕಲ್ ಹುಡುಗರು ಬರೀ 'ಆಚಾರ್' ಎನ್ನುತ್ತಾರೆ. ನಮ್ಮ ಕಿವಿಗೆ ಅದು ಯಾರೋ ಮಠದ ಕಡೆಯ ಹಿರಿಯರನ್ನು ಕೂಗಿದ ಹಾಗೆ ಕೇಳಿಸುತ್ತದೆ.

ಮಕ್ಕಳ ಡಾಕ್ಟರ ರೋಗಿ ತನಗೇನಾಗಿದೆ ಎಂದು ಹೇಳುವುದಿಲ್ಲ. ಹೇಳುವವಳು ತಾಯಿ, ತಿದ್ದುವವಳು ಅಜ್ಜಿ, ತಾನು ಇದರಲ್ಲಿ ಇಲ್ಲವೆಂಬಂತೆ ಬಾಗಿಲಲ್ಲಿ ನಿಲ್ಲುವವನು ಅಪ್ಪ. ಮೂರು ಸಾಕ್ಷಿಗಳು, ನಾಲ್ಕು ಕತೆಗಳು. ಆದ್ದರಿಂದ ಡಾಕ್ಟರು ಕಿವಿಗಿಂತ ಕಣ್ಣನ್ನು ಹೆಚ್ಚು ನಂಬುತ್ತಾರೆ. ಮಗು ಬಾಗಿಲು ದಾಟುವಾಗಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ: ಕುತ್ತಿಗೆ ನಿಂತಿದೆಯೇ, ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯಿತೇ, ಮೇಜಿನ ಮೇಲಿನ ಪೆನ್ನಿನ ಮೇಲೆ ಆಸೆ ಹುಟ್ಟಿತೇ? ಪೆನ್ನು ಕಿತ್ತುಕೊಳ್ಳುವ ಮಗುವಿನ ಬಗ್ಗೆ ಡಾಕ್ಟರಿಗೆ ಅಷ್ಟೇನೂ ಚಿಂತೆಯಿಲ್ಲ. ಪೆನ್ನು ಬೇಡವೆನ್ನುವ ಮಗುವನ್ನು ಕಂಡರೆ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ನಮ್ಮ ಪುತ್ತೂರಿನವರು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮೊದಲು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದರು. ಗಂಟಲು, ಕಿವಿ ಕಟ್ಟಕಡೆಗೆ. ಬಾಯಿ ತೆರೆಸಿದ ಮೇಲೆ ಅಳು ಶುರು, ಅಳು ಶುರುವಾದರೆ ಎದೆಯ ಸದ್ದು ಕೇಳಿದ ಹಾಗೇ. ತಾಯಿಯೊಡನೆ ಮಳೆ, ಅಡಿಕೆ ರೇಟು ಎಂದು ಲೋಕಾಭಿರಾಮ ಮಾತಾಡುತ್ತ ಅವರು ಏನೂ ಮಾಡದೆ ಕೂತಂತಿರುತ್ತಿತ್ತು. ಆಮೇಲೆ ಗೊತ್ತಾಯಿತು, ಕೂಸಿನ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಿದ್ದರು. ಎರಡು ತಿಂಗಳು ದಾಟಿದ, ವರ್ಷ ತುಂಬದ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ ಉಸಿರಾಡಿದರೆ, ವರ್ಷದಿಂದ ಐದರವರೆಗಿನದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ, ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು ಎಂದು ಅನುಮಾನಿಸಬೇಕಂತೆ. ಒಂದು ನಿಮಿಷ ಸುಮ್ಮನೆ ಕೂರುವುದಕ್ಕೆ ಯಂತ್ರ ಬೇಡ, ಕರೆಂಟೂ ಬೇಡ. ಸುಮ್ಮಕೂರುವ ವಿದ್ಯೆಯಲ್ಲಿ ನಾನೂ ಕಡಿಮೆಯವನಲ್ಲ, ಆದರೆ ನನ್ನ ಸುಮ್ಮಕೂರಾಟದಿಂದ ಯಾರ ಕೆಮ್ಮೂ ವಾಸಿಯಾದ ದಾಖಲೆಯಿಲ್ಲ.

ಮದ್ದಿನ ಬಾಟ್ಲಿ ಮನೆಯಿಂದಲೇ ತೊಳೆದು ಒಯ್ಯಬೇಕು. ಕಾಂಪೌಂಡರು ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿ, ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಬಾಟ್ಲಿಯ ಮೈಗೆ ಅಂಟಿಸುವರು. ಒಂದು ಕಚ್ಚಿಗೆ ಒಂದು ಹೊತ್ತು. ಅದರ ಸೋಂಪಿನ ವಾಸನೆಗೆ ಮಾರುಹೋಗಿ ನಾನು ಇಲ್ಲದ ಹೊಟ್ಟೆನೋವನ್ನು ಸಾಕಿಕೊಂಡದ್ದುಂಟು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನನ್ನ ಮುಖ ನೋಡಿ, ಗಂಭೀರವಾಗಿ ಅರ್ಧ ಬಾಟ್ಲಿ ಬರೆದುಕೊಟ್ಟಿದ್ದರು. ಫೀಸು ಎಷ್ಟೆಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಮೇಜಿನ ಮೇಲಿಟ್ಟದ್ದು ಡ್ರಾಯರಿಗೆ, ಇಡದವರದು ಮರೆವಿಗೆ. ಹಲಸಿನ ಕಾಲದಲ್ಲಿ ಮಾತ್ರ ಕ್ಲಿನಿಕ್ಕಿನ ಜಗಲಿಯಲ್ಲಿ ನಡೆಯಲು ಜಾಗವಿರುತ್ತಿರಲಿಲ್ಲ.

ಚೆನ್ನೈಯಂಥ ಮಹಾನಗರದಲ್ಲಿ ಇಂಥವರು ಇರುವುದಿಲ್ಲವೆಂದು ನಾನು ಬರುವಾಗ ನಂಬಿದ್ದೆ. ಆದರೆ ಚೆನ್ನೈ ನೋಡಲಷ್ಟೇ ಮಹಾನಗರ. ಮೈಲಾಪುರ, ತಿರುವಲ್ಲಿಕ್ಕೇಣಿ, ಪುರಸವಾಕ್ಕಂ, ಒಂದೊಂದೂ ತನ್ನ ತೇರು, ತನ್ನ ಕೆರೆ, ತನ್ನ ಜಗಳಗಳನ್ನು ಬಿಟ್ಟುಕೊಡದ ಸಣ್ಣ ಊರೇ. ಎಗ್ಮೋರಿನ ಹಾಲ್ಸ್ ರಸ್ತೆಯ ಸರಕಾರಿ ಮಕ್ಕಳ ಆಸ್ಪತ್ರೆಗೆ ಹೋಗಿ ನಿಂತರಂತೂ ಇಡೀ ತಮಿಳುನಾಡಿನ ಸಣ್ಣ ಊರುಗಳು ಒಂದೇ ಸಾಲಿನಲ್ಲಿ ನಿಂತಂತೆ ಕಾಣುತ್ತದೆ. ವಿಲ್ಲುಪುರಂ, ತಿಂಡಿವನಂ ಕಡೆಯ ರೈಲು ಇಳಿದ ತಾಯಂದಿರು ಕೂಸನ್ನು ಸೊಂಟಕ್ಕೇರಿಸಿ, ಕೈಯಲ್ಲೊಂದು ಬಿಸಿನೀರಿನ ಫ್ಲಾಸ್ಕು ಹಿಡಿದು ನಡೆದುಬರುತ್ತಾರೆ. ಊರಿನ ಡಾಕ್ಟರು ಬರೆದುಕೊಟ್ಟ ಚೀಟಿ ರವಿಕೆಯೊಳಗಿಂದ ಹೊರಬರುತ್ತದೆ, ಬೆವರಿಗೆ ಮೆತ್ತಗಾಗಿ. ದೊಡ್ಡಾಸ್ಪತ್ರೆಯ ಕತೆ ಅಲ್ಲಿಂದ ಶುರುವಾಗುತ್ತದೆ ಎಂದುಕೊಳ್ಳುತ್ತೇವೆ. ನನಗೇನೋ ಆ ಮೆತ್ತಗಾದ ಚೀಟಿಯ ಮೇಲೇ ಕಣ್ಣು. ಇದು ನನ್ನ ಕೈಮೀರಿದ್ದು ಎಂದು ಸಕಾಲದಲ್ಲಿ ಬರೆಯುವುದು ಮದ್ದು ಬರೆಯುವುದಕ್ಕಿಂತ ಕಷ್ಟದ ಕೆಲಸ.

ಈ ಡಾಕ್ಟರರ ಇನ್ನೊಂದು ವಿಚಿತ್ರವೆಂದರೆ, ಅವರ ರೋಗಿಗಳು ಬೆಳೆದುಬಿಡುತ್ತಾರೆ. ಹೃದಯದ ಡಾಕ್ಟರಿಗೆ ರೋಗಿ ಆಜೀವ ಸದಸ್ಯ. ಇಲ್ಲಿ ಐದು ತಿಂಗಳಿಗೆ ಹುಟ್ಟುತೂಕ ಇಮ್ಮಡಿ, ವರ್ಷಕ್ಕೆ ಮುಮ್ಮಡಿ, ಆಮೇಲೆ ನೋಡನೋಡುತ್ತ ಮೀಸೆ. ಮೀಸೆ ಬಂದವನು ಬೀದಿಯಲ್ಲಿ ಕಂಡರೂ ನಾಚಿಕೊಂಡು ಆಚೆ ತಿರುಗುತ್ತಾನೆ, ತಾನು ಯಾರ ಅಂಗಿಯ ಮೇಲೆ ಏನೇನು ಮಾಡಿದ್ದೆನೆಂದು ಅಮ್ಮ ಹೇಳಿರುತ್ತಾಳಲ್ಲ. ಹತ್ತಿಪ್ಪತ್ತು ವರ್ಷ ಅವನ ಪತ್ತೆಯಿಲ್ಲ. ಆಮೇಲೊಂದು ಸಂಜೆ ತನ್ನದೇ ಕೂಸನ್ನು ಎತ್ತಿಕೊಂಡು ಹಾಜರಾಗುತ್ತಾನೆ.

ನಮ್ಮ ಬೀದಿಯ ಕೊನೆಯಲ್ಲೂ ಅಂಥ ಒಬ್ಬರು ಹಿರಿಯ ಮಕ್ಕಳ ಡಾಕ್ಟರಿದ್ದಾರೆ, ತಮಿಳರು. ಸಂಜೆ ರೋಗಿಗಳಿಲ್ಲದಾಗ ಅವರ ಬೆಂಚಿನಲ್ಲಿ ಕೂತು ಹರಟುವುದು ನನ್ನ ನಿರುದ್ಯೋಗಗಳಲ್ಲೊಂದು. ಮೊನ್ನೆ ಕೆಮ್ಮಿಕೊಳ್ಳುತ್ತ ಹೋಗಿ, ನಮ್ಮೂರಿನ ಗುಲಾಬಿ ಮಿಕ್ಸ್ಚರಿನ ಗುಣಗಾನ ಮಾಡಿ, ಅಂಥದ್ದೇನಾದರೂ ನಿಮ್ಮಲ್ಲಿದೆಯೇ ಎಂದು ಮೆಲ್ಲಗೆ ಕೇಳಿದೆ. ಅವರು ಎಂದಿನ ಅಭ್ಯಾಸದಂತೆ ತೂಕದ ಯಂತ್ರ ತೋರಿಸಿದರು. ಮಕ್ಕಳ ಮದ್ದು ಕಿಲೋ ಲೆಕ್ಕದಲ್ಲೇ ತಾನೆ? ಹತ್ತಿದೆ. ಮುಳ್ಳು ಕೊನೆಯ ಗೀಟಿಗೆ ಹೋಗಿ ತಡವರಿಸಿತು. ಡಾಕ್ಟರು ಕನ್ನಡಕ ಸರಿಸಿ, ಕಾಗದದ ಮೇಲೆ ಗುಣಿಸಿ, "ಸಾರ್, ನಿಮ್ಮ ಒಂದು ಡೋಸಿಗೆ ನಮ್ಮ ಮೆಡಿಕಲ್ ಶಾಪಿನ ಸ್ಟಾಕು ಸಾಲದು" ಎಂದರು. ಸರದಿಗೆಂದು ಆಗಷ್ಟೇ ಒಳಗೆ ಬಂದ ಮೂರು ವರ್ಷದವಳೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಾನು ಇಳಿಯಲೆಂದು ಕಾಯುತ್ತಿದ್ದಳು.