ಆರಕ್ಕೇರಿ ಒಂದಕ್ಕಿಳಿದ ಸಂಖ್ಯೆ

ಲೆಕ್ಕವೆಂಬುದು ನಮ್ಮ ನನ್ನಿವಾಳದಂತಹ ಬಯಲುಸೀಮೆಯ ಹಳ್ಳಿಗಳಲ್ಲಿ ಬಹುಕಾಲ ಅನ್ಯರ ಕೈಯಲ್ಲಿದ್ದ ವಿದ್ಯೆ. ಕುರಿಹಿಂಡನ್ನು ನೋಟಮಾತ್ರದಿಂದ ಎಣಿಸಬಲ್ಲ ಹಿರಿಯರೂ ಕಾಗದದ ಮೇಲಿನ ದೊಡ್ಡ ಅಂಕಿಯೆದುರು ಮೌನ ತಾಳುತ್ತಿದ್ದರು. ನನ್ನ ತಂದೆಯವರು ಶೇಂಗಾ ಮಾರಿದಾಗ ವ್ಯಾಪಾರಿ ಕೊಟ್ಟ ಚೀಟಿಯನ್ನು ಮಡಿಸಿ ರುಮಾಲಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಅದು ಸರಿಯೋ ತಪ್ಪೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ಸಂಖ್ಯೆಯ ಭಯವು ಪರೀಕ್ಷೆಯ ಭಯವಷ್ಟೇ ಅಲ್ಲ, ಬದುಕಿನ ಭಯವೂ ಹೌದೆಂದು ನಾನರಿತದ್ದು ಆ ಚೀಟಿಗಳಿಂದ.

ನನ್ನ ಭಯವನ್ನು ಕಳೆದ ಸಂಖ್ಯೆ 12345654321. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬರುತ್ತದೆ. 27994681ನ್ನು 441ರಿಂದ ಗುಣಿಸಿದರೆ ದೊರೆಯುವ ಈ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಆ ಗ್ರಂಥವನ್ನು ತೆಲುಗಿಗೆ ತಂದನು. ಎರಡು ನುಡಿಗಳ ಗಡಿಯಲ್ಲಿ ಬಾಳುವ ನಮಗೆ ಇದು ಇಮ್ಮಡಿ ಹೆಮ್ಮೆ.

ಆರಕ್ಕೇರದೆ ಮೂರಕ್ಕಿಳಿಯದೆ ಎಂಬ ಗಾದೆಮಾತುಂಟು. ಈ ಸಂಖ್ಯೆಯಾದರೋ ಆರಕ್ಕೇರಿ ಒಂದಕ್ಕಿಳಿಯುತ್ತದೆ. ಕಾರಣ ಸರಳವಾದುದು. ಇದು 111111ರ ವರ್ಗ. ಗುಣಿಸುವಾಗ ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆಯುತ್ತೇವೆ. ಕಂಬಸಾಲುಗಳನ್ನು ಕೂಡಿದರೆ ಒಂದು, ಎರಡು ಎಂದು ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಈ ಚೆಲುವು ನಿಲ್ಲುತ್ತದೆ; ಹತ್ತಾದರೆ ನಡುವಣ ಮೊತ್ತ ಹತ್ತಾಗಿ, ದಶಕವು ಮುಂದಿನ ಸ್ಥಾನಕ್ಕೆ ಸರಿದು ಕ್ರಮ ಕೆಡುತ್ತದೆ. 111111 ಎಂದರೆ 3, 7, 11, 13, 37 ಇವುಗಳ ಗುಣಲಬ್ಧ. ನೋಡಲು ಬೆಟ್ಟದಂತಿರುವ ಸಂಖ್ಯೆ ಐದು ಪುಟ್ಟ ಅವಿಭಾಜ್ಯಗಳಿಂದ ಕಟ್ಟಲ್ಪಟ್ಟಿದೆ!

ಅದರ ಅಂಕಿಗಳ ಮೊತ್ತ 36. ಆದುದರಿಂದ ಅದು ಒಂಬತ್ತರಿಂದ ಭಾಗವಾಗುತ್ತದೆ. ಇದೇ ತತ್ತ್ವ ಸಂತೆಯಲ್ಲಿಯೂ ಉಪಯುಕ್ತ. 37 ಚೀಲಕ್ಕೆ 148 ರೂಪಾಯಿಯಂತೆ 5376 ಎಂದು ಬರೆದಿದ್ದಾರೆನ್ನಿ. 37ರ ಅಂಕಿಗಳನ್ನು ಕೂಡುತ್ತ ಹೋದರೆ 1, 148ರದು 4. ಇವೆರಡರ ಗುಣಲಬ್ಧ 4. 5376ರದು 3. ಲೆಕ್ಕ ತಪ್ಪೆಂದು ಆಗಲೇ ತಿಳಿಯಿತು. ಸರಿಯಾದುದು 5476, ನೂರು ರೂಪಾಯಿ ಹೆಚ್ಚು. ಅಂಕಿಗಳು ಸ್ಥಾನ ಪಲ್ಲಟಗೊಂಡಿದ್ದರೆ ಈ ಪರೀಕ್ಷೆ ಹಿಡಿಯಲಾರದು. ಆಗ ಪೂರ್ಣ ಗುಣಾಕಾರವೇ ಶರಣು.

ಕಾಯಕದ ಫಲ ಕಾಯಕ ಮಾಡಿದವನಿಗೇ ದೊರೆಯಬೇಕಾದರೆ ಅವನಿಗೆ ಲೆಕ್ಕ ಬರಬೇಕು. ಅನ್ನದೊಡನೆ ಅಕ್ಷರವನ್ನೂ ನೀಡುವ ಮಠದ ಶಾಲೆಗಳಲ್ಲಿ ಓದುವ ಮಕ್ಕಳೇ, ದೊಡ್ಡ ಸಂಖ್ಯೆಯನ್ನು ಕಂಡು ತಲೆ ತಗ್ಗಿಸಬೇಡಿರಿ. ಅದನ್ನು ಬಿಡಿಸಿ ನೋಡಿರಿ. ಮನೆಗೆ ಬಂದ ಚೀಟಿಯನ್ನು ಹಿರಿಯರಿಗೆ ಓದಿ ಹೇಳಿರಿ. ವಿದ್ಯೆಯ ಋಣ ತೀರಿಸಲು ಅದಕ್ಕಿಂತ ಒಳ್ಳೆಯ ಆರಂಭವಿಲ್ಲ.