ತುಂಬಿದ ಹೊಳೆಯ ಹಾದಿಯಲ್ಲಿ

ನದಿಯನ್ನು ನೋಡಲು ಜನರು ಸಾಮಾನ್ಯವಾಗಿ ತಿಳಿಯಾದ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಬಿಸಿಲು ಹಿತವಾಗಿರಬೇಕು, ದಾರಿ ಒಣಗಿರಬೇಕು, ದಡದಲ್ಲಿ ಕುಳಿತು ಬುತ್ತಿ ಬಿಚ್ಚುವಂತಿರಬೇಕು. ಅಂತಹ ದಿನಗಳಲ್ಲಿ ನದಿಯ ಚೆಲುವು ಕಾಣುತ್ತದೆಯೇ ಹೊರತು ಅದರ ಬಲ ಕಾಣುವುದಿಲ್ಲ. ನನಗೆ ಆ ಬಲವನ್ನು ತೋರಿಸಿದವರು ನನ್ನ ಅಜ್ಜಿ.

ನಂಜನಗೂಡು ತಾಲ್ಲೂಕಿನ ಹದಿನಾರು ನಮ್ಮ ಊರು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಕೆರೆ ಇಲ್ಲಿದೆ. ಅಜ್ಜಿ ಕಪಿಲೆಯ ದಂಡೆಯ ಹಳ್ಳಿಯೊಂದರಿಂದ ಈ ಊರಿಗೆ ಸೊಸೆಯಾಗಿ ಬಂದವರು. ಎಂಬತ್ತು ದಾಟಿದ ಅವರಿಗೆ ಒಂದೇ ಒಂದು ಆಸೆ ಉಳಿದಿತ್ತು: ತಾವು ಬಾಲ್ಯದಲ್ಲಿ ಬಿಂದಿಗೆಯಲ್ಲಿ ಹೊತ್ತ ಹೊಳೆಯ ನೀರು ಮುಂದೆ ಎಲ್ಲಿಗೆ ಹೋಗಿ ಧುಮುಕುತ್ತದೆ ಎಂಬುದನ್ನು ನೋಡುವುದು, ಹಾಗೆಯೇ ಶಿವನಸಮುದ್ರದ ಮಧ್ಯರಂಗನ ದರ್ಶನ ಪಡೆಯುವುದು.

2022ರ ಜುಲೈ ತಿಂಗಳ ಒಂದು ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು. ಅಂದು ಬೆಳಗಿನಿಂದಲೇ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಿತ್ತು. ಕಾರು ನಡೆಸಬೇಕಾಗಿದ್ದ ಚಿಕ್ಕಪ್ಪ ಹಿಂಜರಿದು, “ಇನ್ನೊಂದು ದಿನ ಹೋಗೋಣವೇನಮ್ಮ?” ಎಂದರು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಬತ್ತಿದ ಹೊಳೆ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇನಪ್ಪ?” ಎಂದು ಕಾರಿನಲ್ಲಿ ಕುಳಿತೇಬಿಟ್ಟರು.

ಮೊದಲು ಸಿಕ್ಕಿದ್ದು ತಿರುಮಕೂಡಲು ನರಸೀಪುರ. ಕಪಿಲೆಯು ಕಾವೇರಿಯನ್ನು ಕೂಡುವ ಕ್ಷೇತ್ರವಿದು. ಗುಂಜಾ ನರಸಿಂಹಸ್ವಾಮಿಯ ದೇವಾಲಯದ ಸಮೀಪ ನಿಂತು ನೋಡಿದರೆ, ಎರಡು ಹೊಳೆಗಳೂ ಕೆಂಪಾಗಿ ತಿರುತಿರುಗಿ ಹರಿಯುತ್ತಿದ್ದವು. ಸೋಪಾನದ ಕೆಳಗಿನ ಮೆಟ್ಟಿಲುಗಳು ನೀರಿನಲ್ಲಿ ಮುಳುಗಿದ್ದವು. ಸಂಗಮದಲ್ಲಿ ಮುಳುಗು ಹಾಕಬೇಕೆಂದು ಅಜ್ಜಿ ಮುಂದೆ ನಡೆದಾಗ, ಹರಿಗೋಲನ್ನು ದಡದ ಮೇಲೆ ಮಗುಚಿ ಹಾಕಿ ಕುಳಿತಿದ್ದ ಅಂಬಿಗನೊಬ್ಬನು ಎದ್ದು ಬಂದನು.

“ಬೇಡ ಕಣವ್ವ. ಇಲ್ಲಿ ಹನಿ ಮಳೆ ಅಂತ ಹೊಳೆ ನಂಬಬಾರದು. ಇದು ಇಲ್ಲಿನ ಮಳೆಯ ನೀರಲ್ಲ” ಎಂದನು.

ಅವನ ಮಾತು ಅಕ್ಷರಶಃ ಸತ್ಯವಾಗಿತ್ತು. ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ, ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಆ ಮಲೆಗಳಲ್ಲಿ ಮುಂಗಾರು ಸುರಿದರೆ ಕಬಿನಿ ಮತ್ತು ಕನ್ನಂಬಾಡಿ ಜಲಾಶಯಗಳು ತುಂಬುತ್ತವೆ. ತೂಬುಗಳನ್ನು ತೆರೆದಾಗ ನಮ್ಮ ಬಯಲುಸೀಮೆಯಲ್ಲಿ ಹೊಳೆ ಉಕ್ಕುತ್ತದೆ. ನಮ್ಮ ತಲೆಯ ಮೇಲಿನ ಆಕಾಶವನ್ನು ನೋಡಿ ನದಿಯ ಅಳತೆ ಹೇಳಲಾಗದು. ಅಜ್ಜಿ ಅಂಬಿಗನಿಗೆ ಎದುರಾಡಲಿಲ್ಲ. ಅವನು ಚೊಂಬಿನಲ್ಲಿ ತಂದುಕೊಟ್ಟ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, “ತಾಯಿ ಬೇಡ ಎಂದಳು” ಎಂದು ಹಿಂದಿರುಗಿದರು.

ಸೇತುವೆಯನ್ನು ದಾಟಿ, ಮುಡುಕುತೊರೆಯ ಬೆಟ್ಟವನ್ನು ಕಂಡು, ಗಂಗರ ರಾಜಧಾನಿಯಾಗಿದ್ದ ತಲಕಾಡಿಗೆ ಬಂದೆವು. ದೇವಾಲಯಗಳನ್ನು ಹುದುಗಿಸಿಕೊಂಡ ಅಲ್ಲಿನ ಮರಳದಿಬ್ಬಗಳು ಮಳೆಯಲ್ಲಿ ನೆನೆದು ಕಪ್ಪಾಗಿದ್ದವು. ಅಲ್ಲಿಂದ ಬೆಳಕವಾಡಿಯ ಮಾರ್ಗವಾಗಿ ಸಾಗುವಾಗ ಗಾಳಿ ಬಲವಾಯಿತು. ಭತ್ತದ ಗದ್ದೆಗಳೂ ತೆಂಗಿನ ತೋಟಗಳೂ ಮಂಜಿನೊಳಗೆ ಮೂಡಿ ಮರೆಯಾಗುತ್ತಿದ್ದವು.

ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ರಚಿಸುತ್ತದೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಕಣಿವೆಗೆ ಬೀಳುತ್ತದೆ. ನಾವು ಹೊಸ ಸೇತುವೆಯಿಂದ ದ್ವೀಪವನ್ನು ಪ್ರವೇಶಿಸಿದೆವು. ಪಕ್ಕದಲ್ಲಿದ್ದ ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಸೇತುವೆಯ ಒಂದು ಭಾಗವನ್ನು 2018ರ ಪ್ರವಾಹ ಕೊಚ್ಚಿಕೊಂಡು ಹೋಗಿತ್ತು. ಉಳಿದ ಕಂಬಗಳ ಸುತ್ತ ನೀರು ನೊರೆಗಟ್ಟುತ್ತಿತ್ತು.

ಮಧ್ಯರಂಗನಿಗೆ ಕೈಮುಗಿದು ಭರಚುಕ್ಕಿಯ ಕಟಾಂಜನದ ಬಳಿ ನಿಂತಾಗ ಏನೂ ಕಾಣಲಿಲ್ಲ. ಕಣಿವೆಯ ತುಂಬ ಬಿಳಿಯ ಮುಸುಕು. ಅದರೊಳಗಿನಿಂದ ಎದೆ ನಡುಗಿಸುವ ಮೊರೆತ. ಅಜ್ಜಿ ಕೊಡೆಯ ಕೆಳಗೆ ಅಲುಗದೆ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ಮುಸುಕು ಸರಿದು, ಬಂಡೆಯ ಅಂಚಿನ ಉದ್ದಕ್ಕೂ ನೂರು ಬಾಯಿಗಳಿಂದ ಧುಮುಕುತ್ತಿದ್ದ ಕೆಂಪು ನೀರು ಒಮ್ಮೆಗೇ ಎದುರಾಯಿತು. ಅಜ್ಜಿಯ ಕಣ್ಣು ತುಂಬಿತು. “ಇಷ್ಟೊಂದು ಶಕ್ತಿ ಇಟ್ಟುಕೊಂಡು ನಮ್ಮೂರ ಮುಂದೆ ಎಷ್ಟು ಸುಮ್ಮನೆ ಹೋಗುತ್ತಿದ್ದಳು!” ಎಂದರು.

ಈ ಶಕ್ತಿಯನ್ನು ಮನುಷ್ಯನು ಬಹಳ ಹಿಂದೆಯೇ ಬಳಸಿಕೊಂಡನು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಇಲ್ಲಿನ ಜಲವಿದ್ಯುದಾಗಾರವು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಇದೇ ನೀರಿನ ಬಲದಿಂದ ಬೆಳಗಿದವು. ಅದಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಅಜ್ಜಿ, ಅದೇ ಹೊಳೆಯ ದಂಡೆಯಲ್ಲಿ ಸೀಮೆಎಣ್ಣೆಯ ಬುಡ್ಡಿಯ ಮುಂದೆ ಅಕ್ಷರ ತಿದ್ದಿದವರು. ಈ ಸಂಗತಿಯನ್ನು ನಾನು ಹೇಳಿದಾಗ ಅವರು ನಕ್ಕು, “ಹೊಳೆಗೆ ಹತ್ತಿರದವರು, ದೂರದವರು ಅಂತ ಭೇದವಿಲ್ಲ ಮಗು. ಭೇದ ಮಾಡುವವರು ನಾವು” ಎಂದರು.

ಯಾವುದೋ ಮಲೆಯ ಮಳೆಯನ್ನು ಹೊತ್ತು ತಂದು, ಯಾವುದೋ ಬಯಲಿಗೆ ಉಣಿಸಿ, ಯಾವುದೋ ಊರಿಗೆ ಬೆಳಕಾಗಿ ನದಿ ಮುಂದೆ ಹೋಗುತ್ತದೆ. ಅದರ ದಾರಿಯಲ್ಲಿ ಬದುಕುವವರು ಮೇಲಿನವರ ಮಳೆಯನ್ನೂ ಕೆಳಗಿನವರ ಬಾಯಾರಿಕೆಯನ್ನೂ ನೆನೆಯಬೇಕು. ಅದು ತುಂಬಿ ಬಂದಾಗ ದಡದಲ್ಲಿ ನಿಂತು ಕೈಮುಗಿಯಬೇಕು. ಬೇಡವೆಂದಾಗ ಒಂದು ಹೆಜ್ಜೆ ಹಿಂದೆ ಸರಿಯಬೇಕು.