ಚಾಳೀಸು ಬಂದ ಮೇಲೆ

ನಲವತ್ತು ದಾಟುತ್ತಲೇ ಹೆಂಗಸರ ಕೈಯಿಂದ ಮೊದಲು ಜಾರುವುದು ಹತ್ತಿರದ ಲೋಕ. ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕೂಗುತ್ತೇವೆ. ಅಕ್ಕಿ ಆರಿಸುವಾಗ ಮೊರ ತಾನಾಗಿ ದೂರ ಸರಿಯುತ್ತದೆ. ಔಷಧದ ಸೀಸೆಯ ಮೇಲಿನ ಅಕ್ಷರ ಓದಲು ಕಿಟಕಿಯ ಬಳಿ ಓಡುತ್ತೇವೆ. ‘ಚಾಳೀಸು ಬಂತು’ ಎಂದು ನಗುತ್ತಾರೆ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಬಿರುಸಾಗಿ, ಹತ್ತಿರದ ವಸ್ತುವಿಗೆ ಬೇಕಾದಷ್ಟು ಉಬ್ಬಲಾರದು. ಅಷ್ಟೇ ಇದರ ಗುಟ್ಟು. ಆದರೆ ಜೀವಮಾನವಿಡೀ ಕಲ್ಲು, ಹುಳ, ಹೇನು, ಮುಳ್ಳು ಎಂದು ಚಿಕ್ಕಪುಟ್ಟವನ್ನೇ ಹುಡುಕುತ್ತ ಬಂದ ನಮ್ಮಂಥವರಿಗೆ ಇದು ಸಣ್ಣ ನಷ್ಟವಲ್ಲ.

ಹೀಗೆ ಕಳೆದುಹೋದ ಲೋಕ ನನಗೆ ಐವತ್ತು ದಾಟಿದ ಮೇಲೆ ತಿರುಗಿ ಸಿಕ್ಕಿತು. ಬೆಂಗಳೂರಿನಲ್ಲಿರುವ ಮಗ ರಜೆಗೆ ಬಂದಾಗ ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರವೊಂದನ್ನು ತಂದುಕೊಟ್ಟ. ನೋಡಲು ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗಿದೆ. ಬರೀ ಮೊಬೈಲು ಗೇಣಿಗಿಂತ ತೀರ ಹತ್ತಿರ ಹೋದರೆ ಚಿತ್ರ ಮಂಕಾಗುತ್ತದೆ. ಇದನ್ನು ಸಿಕ್ಕಿಸಿದರೆ ಎರಡು ಬೆರಳಿನಷ್ಟು ಹತ್ತಿರ ಹೋಗಬಹುದು. ಆದರೆ ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಕಾಗದದಷ್ಟು ತೆಳು. ಇರುವೆಯ ಕಣ್ಣು ಕಂಡರೆ ಕಾಲು ಕಾಣದು. ಗಾಳಿ ಬೀಸಬಾರದು, ಕೈ ನಡುಗಬಾರದು, ಉಸಿರನ್ನೂ ಒಂದು ಕ್ಷಣ ಹಿಡಿಯಬೇಕು. ಬೆಳಗಿನ ಹೊತ್ತೇ ಒಳ್ಳೆಯದು. ಚಳಿಗೆ ಮರಗಟ್ಟಿದ ಹುಳುಗಳು ಬಿಸಿಲೇರುವವರೆಗೆ ಅಲುಗದೆ ಕೂತಿರುತ್ತವೆ. ಬಿಸಿಲು ಚುರುಕಾದರೆ ಹಳೆಯ ಮಲ್ ಪಂಚೆಯನ್ನು ಅಡ್ಡ ಹಿಡಿದರಾಯಿತು, ಬೆಳಕು ಮೆತ್ತಗಾಗುತ್ತದೆ.

ಮೊದಲು ನೋಡಿದ್ದು ಒಗ್ಗರಣೆ ಡಬ್ಬಿಯನ್ನೇ. ನುಣುಪೆಂದುಕೊಂಡಿದ್ದ ಸಾಸಿವೆಕಾಳಿನ ಮೈಮೇಲೆಲ್ಲ ಬಲೆ ಹೆಣೆದಂಥ ಗೆರೆ. ಪುಡಿ ಉಪ್ಪು ಪುಡಿಯೇ ಅಲ್ಲ, ಗಾಜಿನ ಪುಟ್ಟ ಪುಟ್ಟ ಪೆಟ್ಟಿಗೆ. ಮೂವತ್ತು ವರ್ಷ ದಿನಾ ಮುಟ್ಟಿದ ಸಾಮಾನು ಹೊಸದಾಗಿ ಪರಿಚಯ ಹೇಳಿಕೊಂಡಂತಾಯಿತು.

ಆಮೇಲೆ ಹಿತ್ತಿಲಿಗಿಳಿದೆ. ನಮ್ಮದು ಹಾವೇರಿ ಕಡೆಯ ಕರಿ ಮಣ್ಣಿನ ಊರು. ಇಲ್ಲಿ ಋತು ಬದಲಾಗುವುದು ಹಿತ್ತಿಲಲ್ಲೂ ಹೊಲದಲ್ಲೂ ಮೊದಲು ಗೊತ್ತಾಗುತ್ತದೆ. ಯುಗಾದಿಗೆ ಬೆಲ್ಲದ ಜೊತೆ ಕಲಸಿ ನುಂಗಿಬಿಡುವ ಬೇವಿನ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ: ಐದು ಬಿಳಿ ಎಸಳು, ನಡುವೆ ಕೇಸರಗಳೆಲ್ಲ ಕೂಡಿ ಆದ ಪುಟ್ಟ ಕೊಳವೆ. ಜೂನಿನಲ್ಲಿ ಮೃಗಶಿರಾ ಮಳೆ ಬಿದ್ದೊಡನೆ ಕೆಂಪು ಮಖಮಲ್ಲಿನ ತುಣುಕಿನಂತೆ ನೆಲದಿಂದೇಳುವ ಮಿರಗದ ಹುಳವನ್ನು ಯಾರು ನೋಡಿಲ್ಲ? ಚಿತ್ರದಲ್ಲಿ ಕಾಲು ಎಣಿಸಿದೆ, ಎಂಟು. ಅದು ಕೀಟವಲ್ಲ, ಜೇಡ ಚೇಳುಗಳ ಬಳಗದ್ದು. ನವರಾತ್ರಿಗೆ ಮುಡಿಯುವ ಸೇವಂತಿಗೆಯೂ ಒಂದು ಹೂವಲ್ಲ; ನಾವು ಎಸಳೆನ್ನುವ ಒಂದೊಂದೂ ಬೇರೆ ಬೇರೆ ಪುಟ್ಟ ಹೂವು. ಕಾರ್ತಿಕದ ಇಬ್ಬನಿಯ ಹನಿಯೊಳಗೆ ಅದರ ಹಿಂದಿನ ಹೂವು ತಲೆಕೆಳಗಾಗಿ ತೂಗುತ್ತದೆ, ಹನಿಯೇ ಒಂದು ಮಸೂರವಾದ್ದರಿಂದ.

ಈ ಹುಚ್ಚು ನನ್ನೊಬ್ಬಳದಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳೊಂದರ ಚಿತ್ರ ತೆಗೆದ. ಉಸಿರು ತಾಗಿದರೆ ಕರಗಿಹೋಗುವ ವಸ್ತು ಅದು. 1931ರಲ್ಲಿ ತೀರಿಕೊಳ್ಳುವವರೆಗೆ ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದಿದ್ದ. ಅವನ ಮೊದಲ ಸೂಕ್ಷ್ಮದರ್ಶಕ ಅವನ ತಾಯಿಯದು, ಆಕೆ ಹಿಂದೆ ಶಾಲೆಯಲ್ಲಿ ಪಾಠ ಹೇಳಿದವಳು ಎಂದು ಓದಿದಾಗ, ನಾನೂ ಅದೇ ಕಸುಬಿನವಳಾದ್ದರಿಂದ ಒಳಗೊಳಗೇ ಹಿಗ್ಗಿದೆ.

ಆದರೆ ಈ ಚಿತ್ರಗಳು ನನ್ನ ಹವ್ಯಾಸವಷ್ಟೇ ಆಗಿ ಉಳಿಯಲಿಲ್ಲ, ನಮ್ಮ ಅತ್ತೆಯವರಿಂದಾಗಿ. ಎಂಬತ್ತು ದಾಟಿದ ಅವರಿಗೆ ಬಂದಿರುವುದು ಚಾಳೀಸಲ್ಲ, ಪೊರೆಯೂ ಅಲ್ಲ. ಕಣ್ಣಿನ ಹಿಂಭಾಗದ ಪರದೆಯ ನಡುಮಧ್ಯ ಸವೆಯುವ ಕಾಯಿಲೆ. ಅಂಚು ಕಾಣುತ್ತದೆ, ನಡುವಿನದು ಅಳಿಸಿಹೋಗುತ್ತದೆ. ಎದುರು ನಿಂತ ನನ್ನ ಸೆರಗು ಕಾಣುತ್ತದೆ, ಮುಖ ಕಾಣುವುದಿಲ್ಲ. ಹೋದ ನೋಟ ತಿರುಗಿ ಬರುವುದಿಲ್ಲವೆಂದು ವೈದ್ಯರು ಹೇಳಿದ ಮೇಲೆ ಅವರು ಜೋಳ ಹಸನು ಮಾಡುವುದನ್ನು ಬಿಟ್ಟರು, ಬತ್ತಿ ಹೊಸೆಯುವುದನ್ನು ಬಿಟ್ಟರು. ಬರಬರುತ್ತ ಮಾತನ್ನೂ ಬಿಟ್ಟರು. ‘ನಾ ಇನ್ನ ಯಾತಕ್ಕೂ ಬಾರದಾಕಿ’ ಎಂದು ಒಮ್ಮೆ ಅಂದದ್ದು ನನ್ನ ಮನಸ್ಸಿನಲ್ಲಿ ನೆಟ್ಟುಬಿಟ್ಟಿತ್ತು.

ಕಳೆದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಬಿಸಿಲೇರುವ ಮೊದಲೇ ಕಡಲೆಗಿಡದ ಎಲೆಯ ಚಿತ್ರ ತೆಗೆದಿದ್ದೆ. ಮನೆಗೆ ಬಂದು ಅದನ್ನು ಟಿವಿಯ ಪರದೆಗೆ ಹಾಕಿ ಅತ್ತೆಯವರನ್ನು ಹತ್ತಿರ ಕೂರಿಸಿದೆ. ಪರದೆಯ ತುಂಬ ಒಂದೇ ಎಲೆ. ಅದರ ಮೈತುಂಬ ಕೂದಲು, ಕೂದಲ ತುದಿಗೆ ಮಣಿಯಂಥ ಹನಿ. ಅಷ್ಟು ದೊಡ್ಡದಾದ ಮೇಲೆ ನಡುವೆ ಅಳಿಸಿದರೂ ಸುತ್ತ ಬೇಕಾದಷ್ಟು ಉಳಿದಿತ್ತು. ಅವರು ಮುಖವನ್ನು ಅತ್ತಿತ್ತ ಓರೆಮಾಡಿ ನೋಡಿದರು.

‘ಇದು ಕಡ್ಲಿ ಎಲಿ ಏನು?’

‘ಹೌದ್ರಿ ಅತ್ತೆ, ನಮ್ಮ ಹೊಲದ್ದೇ.’

‘ಹಂಗಾರ ಇವು ಹುಳಿ ಹನಿ!’

ಆಮೇಲೆ ಮಾತು ನಿಲ್ಲಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ರಾತ್ರಿ ಕಡಲೆಗಿಡಗಳ ಮೇಲೆ ಬಿಳಿ ಅರಿವೆ ಹಾಸುತ್ತಿದ್ದುದು, ಬೆಳಗಿನ ಜಾವ ಇಬ್ಬನಿಗೆ ತೊಯ್ದ ಅರಿವೆ ಹಿಂಡಿ ಹುಳಿಯನ್ನು ಸೀಸೆಗೆ ತುಂಬುತ್ತಿದ್ದುದು, ಊರಲ್ಲಿ ಯಾರ ಮಗುವಿಗೆ ಹೊಟ್ಟೆನೋವು ಬಂದರೂ ಆ ಸೀಸೆ ಕೇಳಿಕೊಂಡು ಬರುತ್ತಿದ್ದುದು, ಎಲ್ಲ ಹೇಳಿದರು. ‘ನಾ ಹುಳಿ ಇಬ್ಬನ್ಯಾಗಿಂದ ಬರತೈತಿ ಅಂತ ತಿಳಿದಿದ್ದೆ. ಇದನ್ನ ಗಿಡಾನ ಬಿಡತೈತಿ ನೋಡು’ ಎಂದರು. ಅವರೆಂದದ್ದು ಸರಿ. ಆ ಕೂದಲುಗಳೇ ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳನ್ನು ಸ್ರವಿಸುತ್ತವೆ. ಇಬ್ಬನಿ ಅದನ್ನು ಅರಿವೆಗೆ ದಾಟಿಸುತ್ತದೆ, ಅಷ್ಟೆ. ಅರವತ್ತು ವರ್ಷ ಕೈಯಾಡಿಸಿದ ಗಿಡದ ಗುಟ್ಟು ಅವರಿಗೆ ಕಣ್ಣು ಮಂಜಾದ ಮೇಲೆ ತಿಳಿಯಿತು.

ಈಗ ಹಿತ್ತಿಲಿನ ಯಜಮಾನಿಕೆ ಮತ್ತೆ ಅವರದೇ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿದ್ದುದು ಚಿಟ್ಟೆಯ ಮರಿಹುಳವೆಂದು ಚಿತ್ರದಲ್ಲಿ ಕಂಡಾಗಿನಿಂದ, ಆ ಟೊಂಗೆಯ ಸೊಪ್ಪು ಕೀಳಬಾರದೆಂದು ಅಪ್ಪಣೆಯಾಗಿದೆ. ಒಗ್ಗರಣೆಗೆ ಪಕ್ಕದ ಮನೆಯಿಂದ ತರಬೇಕು. ಸಂಜೆ ನಾನು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ‘ಇವತ್ತೇನು ತಗದಿ?’ ಎಂಬ ಪ್ರಶ್ನೆ. ಮುಂದಿನ ಪಟ್ಟಿಯೂ ತಯಾರಿದೆ: ಜೋಳದ ತೆನೆ ಹೂಬಿಟ್ಟದ್ದು, ಕುಸುಬೆಯ ಮುಳ್ಳು, ಎಳ್ಳಿನ ಹೂವು. ಕುಸುಬೆಯ ಮುಳ್ಳಿನ ಬಗ್ಗೆ ಏನೋ ಹೇಳುವುದಿದೆಯಂತೆ. ಚಿತ್ರ ಬಂದ ಮೇಲೆಯೇ ಹೇಳುತ್ತಾರಂತೆ.